ದಾಖಲೆ ಕಂಪ್ಯೂಟರಿಗೆ ಹಾಕಿಸಲು ಸಲಹೆಗಾರರು ಬೇಕೇ?



ನೀಲಗುಂದದಲ್ಲಿ ನಡೆದ ಒಕ್ಕೂಟದ ಸಭೆಯಲ್ಲಿ ಒಂದು ಪತ್ರ ಚರ್ಚೆಗೆ ಬಂತು. ಪಟ್ಟಣದ ಸಲಹೆಗಾರರೊಬ್ಬರು ನಮ್ಮ ಹತ್ತು ಗುಂಪುಗಳ ಹಳೆಯ ಪುಸ್ತಕ, ಫೋಟೋ, ವಿಡಿಯೋ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ, ಬೇಕಾದಾಗ ಹುಡುಕಿ ತೆಗೆಯುವ ಹಾಗೆ ಮಾಡಿಕೊಡುತ್ತೇನೆ ಎಂದು ಬರೆದಿದ್ದರು. ಕೇಳಿದ ಹಣ 80 ಸಾವಿರ ರೂಪಾಯಿ. ಈ ಕೆಲಸಕ್ಕೆ ಅವರು ಕೊಟ್ಟ ಹೆಸರು ‘ಡಿಜಿಟಲ್ ಆಸ್ತಿ ನಿರ್ವಹಣೆ’. “ಆಸ್ತಿ ಅಂದ್ರ ಹೊಲಾನೋ ಮನೀನೋ, ಸಿಸ್ಟರ್?” ಎಂದು ಹಿರಿಯ ಸದಸ್ಯೆಯೊಬ್ಬರು ಕೇಳಿದರು. ಎಲ್ಲರೂ ನಕ್ಕರು. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ನಮ್ಮ ಕಾಗದಗಳಲ್ಲಿ ಆಸ್ತಿ ಯಾವುದು, ರದ್ದಿ ಯಾವುದು? ಇದನ್ನು ನಾವೇ ಹೇಳಲಾಗದಿದ್ದರೆ ಹೊರಗಿನವರು ಹೇಗೆ ಹೇಳುತ್ತಾರೆ?

ನಾವು ಒಂದು ಸಾರಿ ಪೆಟ್ಟು ತಿಂದಿದ್ದೇವೆ, ಅದನ್ನು ಮುಚ್ಚಿಡುವುದಿಲ್ಲ. ಕೆಲವು ವರ್ಷಗಳ ಹಿಂದೆ ಬೇರೊಂದು ಊರಿನ ಗುಂಪಿನ ಪುಸ್ತಕಗಳನ್ನು ಸ್ಕ್ಯಾನ್ ಮಾಡಲೆಂದು ಒಬ್ಬರಿಗೆ ಒಪ್ಪಿಸಿದೆವು. ಅವರು ಚೀಲದಲ್ಲಿ ತುಂಬಿಕೊಂಡು ಹೋದರು. ಅಷ್ಟರಲ್ಲಿ ಒಬ್ಬ ಸದಸ್ಯೆ ತೀರಿಕೊಂಡರು. ತಾಯಿಯ ಉಳಿತಾಯ ಎಷ್ಟಿದೆ ಎಂದು ಮಗಳು ಕೇಳಲು ಬಂದಾಗ ಲೆಡ್ಜರ್ ನಮ್ಮ ಹತ್ತಿರ ಇರಲಿಲ್ಲ. ಕೈಗೆ ಬಂದದ್ದು ಒಂದು ಸಿ.ಡಿ. ಅದರಲ್ಲಿ ನೂರಾರು ಚಿತ್ರ, ಒಂದಕ್ಕೂ ಹೆಸರಿಲ್ಲ, ಬರೀ ನಂಬರು. ಆ ಹುಡುಗಿ ಮೂರು ತಿಂಗಳು ತಿರುಗಿದಳು. ಸ್ಕ್ಯಾನ್ ಮಾಡಿದವರು ಮೋಸ ಮಾಡಿರಲಿಲ್ಲ, ಹೇಳಿದ್ದನ್ನು ಮಾಡಿದ್ದರು. ಏನು ಬೇಕೆಂದು ನಾವೇ ಹೇಳಿರಲಿಲ್ಲ.

ಆದ್ದರಿಂದ ಈ ಸಾರಿ ಮೊದಲು ಲೆಕ್ಕ ಹಾಕಿದೆವು. ಒಂದು ಗುಂಪು 25 ವರ್ಷ ವಾರಕ್ಕೊಂದು ಸಭೆ ನಡೆಸಿದ್ದರೆ 1,300 ಸಭೆ. ಸಭೆಗೆ ಒಂದು ಪುಟವೆಂದರೂ ಹತ್ತು ಗುಂಪಿಗೆ 13,000 ಪುಟ ನಡಾವಳಿ. ಇದೆಲ್ಲ ಬೇಕೇ? “ಇಂದು ಎಲ್ಲರೂ ಹಾಜರಿದ್ದರು, ಉಳಿತಾಯ ಸಂಗ್ರಹಿಸಲಾಯಿತು” ಎನ್ನುವ ಪುಟ ಪೆಟ್ಟಿಗೆಯಲ್ಲೇ ಇರಲಿ. ಸಾಲ ಮಂಜೂರಾದ ಠರಾವು, ಪ್ರತಿನಿಧಿಗಳನ್ನು ಬದಲಾಯಿಸಿದ ಠರಾವು, ವರ್ಷದ ಕೊನೆಗೆ ಪ್ರತಿ ಸದಸ್ಯೆಯ ಉಳಿತಾಯದ ಬಾಕಿ, ಬ್ಯಾಂಕಿನ ಪತ್ರ, ಇವು ಬೇಕು. ಒಂದು ಗುಂಪಿಗೆ ನೂರೈವತ್ತು ಪುಟ ಎಂದು ಹಿಡಿಯಿರಿ, ಒಟ್ಟು 1,500 ಆಯಿತು. ಪುಟಕ್ಕೆ ಎರಡು ನಿಮಿಷವಾದರೂ 50 ಗಂಟೆ. ಪಿ.ಯು.ಸಿ. ಓದಿದ ನಮ್ಮ ಇಬ್ಬರು ಹುಡುಗಿಯರು ಫೋನಿನಲ್ಲೇ ಮಾಡುವ ಕೆಲಸ ಇದು. ಅವರಿಗೆ ಕೂಲಿ ಕೊಡೋಣ, ಪುಕ್ಕಟೆ ಬೇಡ.

ಇನ್ನೊಂದು ತೊಡಕು ನಮ್ಮ ತಾಲ್ಲೂಕಿನದೇ. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಗುಂಪು ಅದೇ, ಜನ ಅದೇ, ಕಾಗದದ ಮೇಲೆ ಮಾತ್ರ ಬೇರೆ ಬೇರೆ ಜಿಲ್ಲೆ. ಹೊರಗಿನವರು ಜಿಲ್ಲೆ ನೋಡಿ ಜೋಡಿಸಿದರೆ ಒಂದೇ ಗುಂಪು ಮೂರು ಕಡೆ ಒಡೆದು ಹೋಗುತ್ತದೆ. ಫೋಟೋಗಳದೂ ಹಾಗೆಯೇ. ಹಳೆಯ ಮಹಿಳಾ ದಿನಾಚರಣೆಯ ಫೋಟೋದಲ್ಲಿ ಎಡಗಡೆ ನಿಂತವರು ಯಾರು ಎಂದು ಹೇಳಲು ಯಾವ ಸಲಹೆಗಾರರಿಗೂ ಸಾಧ್ಯವಿಲ್ಲ. ಹಿರಿಯರು ಇರುವಾಗಲೇ ಕೇಳಿ ಬರೆದಿಡಬೇಕು.

ನಬಾರ್ಡ್ 2015ರ ಮಾರ್ಚ್ 15ರಂದು ಗುಂಪುಗಳ ಲೆಕ್ಕವನ್ನು ಕಂಪ್ಯೂಟರಿಗೆ ತರುವ ಇ-ಶಕ್ತಿ ಯೋಜನೆ ಆರಂಭಿಸಿತು. ಮೊದಲು ಜಾರ್ಖಂಡಿನ ರಾಮಗಢ, ಮಹಾರಾಷ್ಟ್ರದ ಧುಲೆ ಜಿಲ್ಲೆಗಳಲ್ಲಿ. ಅಲ್ಲಿಯೂ ಮಾಹಿತಿ ಹುಟ್ಟಿದ್ದು ಗುಂಪಿನ ಪುಸ್ತಕದಿಂದಲೇ. ಪುಸ್ತಕ ತಪ್ಪಿದ್ದರೆ ಕಂಪ್ಯೂಟರೂ ತಪ್ಪೇ. ಪಹಣಿಯಲ್ಲಿ ಹೆಸರು ತಪ್ಪಾಗಿ ತಾಲ್ಲೂಕು ಕಚೇರಿಗೆ ಅಲೆದವರು ನಮ್ಮಲ್ಲಿ ಬಹಳ ಮಂದಿ ಇದ್ದೀರಿ, ಹೆಚ್ಚು ಹೇಳಬೇಕಾಗಿಲ್ಲ.

ಹಾಗಾದರೆ ಸಲಹೆಗಾರರು ಬೇಡವೇ ಬೇಡವೇ? ಹಾಗಲ್ಲ. ತೆರೆಯದ ಸಿ.ಡಿ., ಹಳೆಯ ವಿಡಿಯೋ ಕ್ಯಾಸೆಟ್ಟು, ಎರಡು ಕಡೆ ಪ್ರತಿ ಇಡುವ ವ್ಯವಸ್ಥೆ, ಫೈಲಿಗೆ ಹೆಸರಿಡುವ ಕ್ರಮ, ಹುಡುಗಿಯರಿಗೆ ತರಬೇತಿ, ಇವು ನಮಗೆ ಬರುವುದಿಲ್ಲ. ಇದಕ್ಕೆ ಕೆಲವು ದಿನದ ಮಟ್ಟಿಗೆ ತಿಳಿದವರನ್ನು ಕರೆದು ಹಣ ಕೊಟ್ಟರೆ ನಷ್ಟವಿಲ್ಲ. ಬಂದವರು ಮೊದಲು ನಮ್ಮ ಒಂದು ಸಭೆಯಲ್ಲಿ ಕುಳಿತು ಕೇಳಬೇಕು. ಕೇಳದೆಯೇ ದರ ಹೇಳುವವರ ಬಗ್ಗೆ ನಮಗೆ ಅನುಮಾನ.

ಕರೆಯುವುದಾದರೆ ಕರಾರು ಕನ್ನಡದಲ್ಲಿ ಬರೆಸಿರಿ, ಓದಿಸಿ ಕೇಳಿರಿ. ಮೂಲ ಪುಸ್ತಕ ಒಕ್ಕೂಟದ ಕೋಣೆ ಬಿಟ್ಟು ಹೋಗಬಾರದು. ಮೊದಲು ಒಂದೇ ಗುಂಪಿನ ಕೆಲಸ, ಅದನ್ನು ನೋಡಿದ ಮೇಲೆ ಉಳಿದದ್ದು, ಹಣವೂ ಹಾಗೇ ಕಂತಿನಲ್ಲಿ. ಪಾಸ್‌ವರ್ಡ್ ಒಕ್ಕೂಟದ ಇಬ್ಬರು ಪ್ರತಿನಿಧಿಗಳ ಕೈಯಲ್ಲಿರಬೇಕು. ಪೆಟ್ಟಿಗೆ ನಮ್ಮದು, ಬೀಗದ ಕೈ ಅವರದು ಎಂದಾಗಬಾರದು. ಅವರ ಸಾಫ್ಟ್‌ವೇರ್ ಇಲ್ಲದೆಯೂ ಫೈಲು ತೆರೆಯಬೇಕು. ವರ್ಷವರ್ಷ ಕಟ್ಟುವ ಶುಲ್ಕ ಇದೆಯೇ ಎಂದು ಮೊದಲೇ ಕೇಳಿರಿ. ಇದನ್ನು ಕೊನೆಗೆ ಹೇಳುವವರು ಇದ್ದಾರೆ.

ಆಧಾರ್, ಪಾಸ್‌ಬುಕ್ ಪ್ರತಿಗಳನ್ನು ಫೋಟೋಗಳ ಜೊತೆ ಸೇರಿಸಬೇಡಿರಿ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿ ಸಿಗುತ್ತದೆ, ನಮ್ಮ ಕೆಲಸಕ್ಕೆ ಅದೇ ಇರಲಿ. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾನೂನೇ ಆಗಿದೆ. ಕಾನೂನು ಇರಲಿ ಬಿಡಲಿ, ಯಾರು ಸಾಲ ಕಟ್ಟಿಲ್ಲ ಎಂಬುದು ಗುಂಪಿನೊಳಗಿನ ಮಾತು. ಅದು ಊರ ವಾಟ್ಸಾಪಿಗೆ ಹೋದರೆ ಆ ಅಕ್ಕ ಮತ್ತೆ ಸಭೆಗೆ ಬರುವುದಿಲ್ಲ.

ನೀಲಗುಂದದವರು 80 ಸಾವಿರದ ಪತ್ರಕ್ಕೆ ಹೌದು ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ಒಂದು ಗುಂಪಿನ ಪುಸ್ತಕ ತಾವೇ ವಿಂಗಡಿಸಿ ನೋಡುತ್ತೇವೆ, ಎಲ್ಲಿ ಕೈ ನಿಲ್ಲುತ್ತದೋ ಅಲ್ಲಿಗೆ ಮಾತ್ರ ಜನ ಕರೆಯುತ್ತೇವೆ ಎಂದು ಠರಾವು ಬರೆದರು. ನಿಮ್ಮ ಗುಂಪಿನಲ್ಲೂ ಬರುವ ಸಭೆಗೆ ಪೆಟ್ಟಿಗೆ ತೆರೆದು ಎಷ್ಟು ಪುಸ್ತಕ, ಯಾವ ವರ್ಷದವು, ಯಾವುದು ಇಲ್ಲ ಎಂದು ಒಂದು ಹಾಳೆಯಲ್ಲಿ ಬರೆದು ತನ್ನಿರಿ. ಗೆದ್ದಲು ತಿಂದದ್ದಿದ್ದರೆ ಅದನ್ನೂ ಬರೆಯಿರಿ.