ದೂರದ ಎರಡು ನುಡಿಗಳು

‘ಗುರು’ ಎಂಬ ಮಾತು ಕನ್ನಡಿಗರಿಗೆ ಹೊಸದಲ್ಲ. ಪೆಸಿಫಿಕ್ ಸಾಗರದ ಅಂಚಿನಲ್ಲಿರುವ ಫಿಲಿಪೈನ್ಸ್ ದ್ವೀಪಗಳಲ್ಲಿಯೂ ಪಾಠ ಹೇಳುವವರಿಗೆ ‘ಗುರೊ’ ಎಂದೇ ಹೆಸರು. ಅಲ್ಲಿನ ತಗಾಲೊಗ್ ಭಾಷೆಯಲ್ಲಿ ಮೋರೆಗೆ ‘ಮುಖ’ ಎನ್ನುತ್ತಾರೆ. ವನದೇವತೆಗೆ ‘ದಿವಾತ’ ಎನ್ನುತ್ತಾರೆ. ಅಲ್ಲಿಂದ ಸಾವಿರಾರು ಮೈಲಿ ದೂರದ ಪೂರ್ವ ಯೂರೋಪಿನಲ್ಲಿ ಉಕ್ರೇನ್ ದೇಶವಿದೆ. ಅಲ್ಲಿಯ ಜನ ಸೋದರನನ್ನು ‘ಬ್ರಾತ್’ ಎಂದೂ, ತಾಯಿಯನ್ನು ‘ಮಾತಿ’ ಎಂದೂ, ಆಕಾಶವನ್ನು ‘ನೆಬೊ’ ಎಂದೂ ಕರೆಯುತ್ತಾರೆ. ಸಂಸ್ಕೃತದ ಭ್ರಾತೃ, ಮಾತೃ, ನಭಸ್ ಎಂಬ ಶಬ್ದಗಳು ಆಗ ನೆನಪಿಗೆ ಬಾರದಿರವು. ಹಾಗಾದರೆ ಈ ಎರಡು ಭಾಷೆಗಳಿಗೂ ಸಂಸ್ಕೃತದೊಡನೆ ಇರುವ ನಂಟು ಒಂದೇ ಬಗೆಯದೆ?

ಅಲ್ಲ. ಉಕ್ರೇನಿಯನ್ ಭಾಷೆಯು ಸ್ಲಾವಿಕ್ ಶಾಖೆಗೆ ಸೇರಿದುದು. ಆ ಶಾಖೆಯೂ ಸಂಸ್ಕೃತವೂ ಇಂಡೋ-ಯೂರೋಪಿಯನ್ ಎಂಬ ಒಂದೇ ಮಹಾಕುಟುಂಬದವು. ತಗಾಲೊಗ್ ಆದರೋ ಆಸ್ಟ್ರೋನೇಷಿಯನ್ ಕುಟುಂಬದ ಭಾಷೆ. ಆ ಕುಟುಂಬವು ಪಶ್ಚಿಮದ ಮಡಗಾಸ್ಕರ್‌ನಿಂದ ಪೂರ್ವದ ಹವಾಯಿ ದ್ವೀಪಗಳವರೆಗೆ ಕಡಲ ಹಾದಿಯಲ್ಲಿ ಹರಡಿದೆ. ‘ಗುರೊ’ ಮೊದಲಾದ ಶಬ್ದಗಳು ಮಲಯ, ಜಾವಾಗಳ ಮೂಲಕ ವ್ಯಾಪಾರದ ಜೊತೆಗೆ ಅಲ್ಲಿಗೆ ಬಂದು ಸೇರಿದವು. ಒಡಹುಟ್ಟಿದವರ ಮುಖದ ಹೋಲಿಕೆ ಬೇರೆ, ನೆರೆಯವರಿಂದ ಕಡ ತಂದ ಒಡವೆ ಬೇರೆ. ಎಣಿಕೆಯ ಮಾತುಗಳನ್ನು ಕೇಳಿದರೆ ಇದು ಸ್ಪಷ್ಟವಾಗುತ್ತದೆ. ಎರಡು, ಮೂರು ಎನ್ನುವುದಕ್ಕೆ ಉಕ್ರೇನಿಯನ್‌ನಲ್ಲಿ ‘ದ್ವಾ’, ‘ತ್ರಿ’ ಎನ್ನುತ್ತಾರೆ. ತಗಾಲೊಗ್‌ನಲ್ಲಿ ‘ದಲವಾ’, ‘ತತ್ಲೊ’ ಎನ್ನುತ್ತಾರೆ. ಈ ವಿಷಯದಲ್ಲಿ ಕನ್ನಡವು ತಗಾಲೊಗ್‌ನ ಪಕ್ಕದಲ್ಲಿಯೇ ನಿಲ್ಲುತ್ತದೆ. ಗುರು, ಮುಖ ಎಂಬ ತತ್ಸಮಗಳನ್ನು ಅದೂ ಸಂಸ್ಕೃತದಿಂದ ಪಡೆದಿದೆ. ಎರಡು, ಮೂರು ಎಂಬುವು ಮಾತ್ರ ಅದರ ಸ್ವಂತ ಸೊತ್ತು.

ಇವೆರಡರ ವ್ಯಾಕರಣದ ದಾರಿಗಳೂ ಬೇರೆ ಬೇರೆ. ‘ಗುರುಗಳು ಕಾಗದ ಬರೆದರು’ ಎಂಬ ವಾಕ್ಯದಲ್ಲಿ ಕನ್ನಡದ ಕ್ರಿಯಾಪದವು ಕೊನೆಗೆ ಬರುತ್ತದೆ. ತಗಾಲೊಗ್‌ನಲ್ಲಿ ಅದು ಮೊದಲಿಗೇ ನಿಲ್ಲುತ್ತದೆ. ಬರವಣಿಗೆಯನ್ನು ಸೂಚಿಸುವ ಧಾತು ‘ಸುಲತ್’. ಅದರ ಮೊದಲ ವ್ಯಂಜನದ ಬಳಿಕ, ಶಬ್ದದ ಹೊಟ್ಟೆಯೊಳಗೇ ‘ಉಮ್’ ಪ್ರತ್ಯಯವನ್ನು ಸೇರಿಸಿದರೆ ‘ಸುಮುಲತ್’, ಅಂದರೆ ಬರೆದರು ಎಂದಾಗುತ್ತದೆ. ಮೊದಲ ಅಕ್ಷರವನ್ನು ಇಮ್ಮಡಿಸಿ ‘ಸುಸುಲತ್’ ಎಂದರೆ ಬರೆಯುವರು ಎಂದರ್ಥ. ಬರೆದವರಿಗೆ ಪ್ರಾಧಾನ್ಯವೋ, ಬರೆದ ಕಾಗದಕ್ಕೋ, ಅದನ್ನು ಪಡೆದವರಿಗೋ ಎಂಬುದಕ್ಕೆ ತಕ್ಕಂತೆ ಪ್ರತ್ಯಯವು ಬದಲಾಗುತ್ತದೆ. ನಾಮಪದಗಳಿಗೆ ವ್ಯಾಕರಣದ ಲಿಂಗಭೇದವಿಲ್ಲ. ಅವನು, ಅವಳು ಎರಡಕ್ಕೂ ‘ಸಿಯಾ’ ಎಂಬ ಒಂದೇ ಮಾತು ಸಾಕು.

ಉಕ್ರೇನಿಯನ್‌ನಲ್ಲಿ ಲಿಂಗಗಳು ಮೂರು, ವಿಭಕ್ತಿಗಳು ಏಳು. ‘ರುಕಾ’ ಎಂದರೆ ಕೈ. ‘ರುಕೋಯು’ ಎಂದರೆ ಕೈಯಿಂದ. ‘ಮಾಮಾ’ ಎಂದರೆ ಅಮ್ಮ. ಅವಳನ್ನು ಕೂಗುವಾಗ ‘ಮಾಮೊ’ ಎನ್ನಬೇಕು. ಬರೆದನು ಎನ್ನಲು ‘ಪಿಸಾವ್’, ಬರೆದಳು ಎನ್ನಲು ‘ಪಿಸಾಲಾ’. ವಿಭಕ್ತಿಯನ್ನೂ ಸಂಬೋಧನೆಯನ್ನೂ ಬಲ್ಲ ಕನ್ನಡದ ವಿದ್ಯಾರ್ಥಿಗೆ ಇದು ತೀರ ಅಪರಿಚಿತವೆನಿಸದು. ಇಷ್ಟು ಭೇದಗಳಿದ್ದರೂ ಒಂದು ಗುಣದಲ್ಲಿ ಮೂರು ಭಾಷೆಗಳೂ ಒಂದಾಗಿವೆ. ಹಿರಿಯರೊಬ್ಬರನ್ನೇ ಬಹುವಚನದಿಂದ ಮಾತನಾಡಿಸುವ ಕನ್ನಡದ ‘ನೀವು’ ಉಕ್ರೇನಿಯನ್‌ನಲ್ಲಿ ‘ವಿ’ ಆಗಿದೆ, ತಗಾಲೊಗ್‌ನಲ್ಲಿ ‘ಕಯೊ’ ಆಗಿದೆ.

ಈ ನುಡಿಗಳು ಅನುಭವಿಸಿದ ಕಷ್ಟಗಳೂ ಒಂದೇ ತೆರನಾದುವಲ್ಲ. ತಗಾಲೊಗ್‌ಗೆ ಹಿಂದೆ ‘ಬಾಯ್‌ಬಾಯಿನ್’ ಎಂಬ ಲಿಪಿಯಿತ್ತು. ಕನ್ನಡ ಲಿಪಿಯಂತೆ ಅದೂ ಬ್ರಾಹ್ಮೀ ಮೂಲದ ಲಿಪಿ. ಪ್ರತಿ ವ್ಯಂಜನದಲ್ಲಿಯೂ ಅಕಾರವು ಅಡಗಿರುತ್ತಿತ್ತು. 1593ರಲ್ಲಿ ಮನಿಲಾದಲ್ಲಿ ಅಚ್ಚಾದ ಕ್ರೈಸ್ತ ಧರ್ಮಬೋಧೆಯ ಪುಸ್ತಕದಲ್ಲಿ ಈ ಲಿಪಿಯನ್ನು ಇಂದಿಗೂ ಕಾಣಬಹುದು. ಸ್ಪೇನಿನವರ ಆಳ್ವಿಕೆಯಲ್ಲಿ ರೋಮನ್ ಲಿಪಿಯು ಬಳಕೆಗೆ ಬಂದು ಬಾಯ್‌ಬಾಯಿನ್ ಮರೆಯಾಯಿತು. ಪಾದ್ರಿಗಳು ಜನರ ಭಾಷೆಯನ್ನು ಕಲಿತರು. ಆದರೆ ಆಡಳಿತವು ಸ್ಪ್ಯಾನಿಷಿನಲ್ಲಿಯೇ ನಡೆಯಿತು. 1898ರ ಬಳಿಕ ಬಂದ ಅಮೆರಿಕನ್ನರು ಶಾಲೆಗಳಿಗೆ ಇಂಗ್ಲಿಷನ್ನು ತಂದರು.

ಉಕ್ರೇನಿಯನ್ ಕೇವಲ ಅಲಕ್ಷ್ಯಕ್ಕೆ ಗುರಿಯಾದುದಲ್ಲ. ಅದು ನೇರವಾದ ನಿಷೇಧವನ್ನೇ ಎದುರಿಸಿತು. 1863ರಲ್ಲಿ ರಷ್ಯದ ಸರ್ಕಾರವು ಆ ಭಾಷೆಯ ಧಾರ್ಮಿಕ ಗ್ರಂಥಗಳನ್ನೂ ಪಾಠಪುಸ್ತಕಗಳನ್ನೂ ಅಚ್ಚು ಮಾಡಬಾರದೆಂದು ತಡೆಯಿತು. 1876ರ ಆಜ್ಞೆಯು ಇನ್ನೂ ಕಠಿಣವಾಗಿತ್ತು. ಹೊರಗಿನಿಂದ ಪುಸ್ತಕಗಳನ್ನು ತರುವುದಕ್ಕೂ ಅದು ಅಡ್ಡಿಯೊಡ್ಡಿತು. ಮುಂದೆ ಸೋವಿಯತ್ ಆಡಳಿತದಲ್ಲಿ, 1933ರಲ್ಲಿ, ಗಕಾರವನ್ನು ಸೂಚಿಸುವ ಒಂದು ಅಕ್ಷರವನ್ನೇ ವರ್ಣಮಾಲೆಯಿಂದ ತೆಗೆದುಹಾಕಲಾಯಿತು. ಅದು ಮರಳಿ ಬಂದುದು 1990ರಲ್ಲಿ.

ಈ ಎರಡು ನಾಡುಗಳಿಗೂ ಒಬ್ಬೊಬ್ಬ ಮಹಾ ಲೇಖಕನು ದೊರೆತನು. ಉಕ್ರೇನಿನ ತರಾಸ್ ಶೆವ್ಚೆಂಕೊ 1814ರಲ್ಲಿ ಜೀತದ ಮನೆತನದಲ್ಲಿ ಹುಟ್ಟಿದನು. 1840ರಲ್ಲಿ ಅವನ ‘ಕೊಬ್ಜಾರ್’ ಕವನಸಂಗ್ರಹವು ಪ್ರಕಟವಾಯಿತು. 1847ರಲ್ಲಿ ಅವನನ್ನು ಸೆರೆಹಿಡಿದು, ಸಾಮಾನ್ಯ ಸಿಪಾಯಿಯನ್ನಾಗಿ ಮಾಡಿ ದೂರಕ್ಕೆ ಗಡೀಪಾರು ಮಾಡಿದರು. ಅವನು ಬರೆಯಕೂಡದು, ಚಿತ್ರ ಬಿಡಿಸಕೂಡದು ಎಂದು ಚಕ್ರವರ್ತಿಯೇ ವಿಧಿಸಿದನು. ಕವಿಯು ಅಂಗೈಯಗಲದ ಪುಟ್ಟ ಪುಸ್ತಕವನ್ನು ಮಾಡಿಕೊಂಡು, ಅದನ್ನು ಬೂಟಿನೊಳಗೆ ಬಚ್ಚಿಟ್ಟು, ತನ್ನ ನುಡಿಯಲ್ಲಿಯೇ ಕವಿತೆಗಳನ್ನು ಬರೆದನು.

ಫಿಲಿಪೈನ್ಸಿನ ಹೊಸೆ ರಿಸಾಲ್‌ನ ಸಂಕಟವು ಬೇರೊಂದು ಬಗೆಯದು. ತಗಾಲೊಗ್ ಅವನ ಮನೆಮಾತು. ಆದರೂ 1887ರಲ್ಲಿಯೂ 1891ರಲ್ಲಿಯೂ ಹೊರಬಂದ ಅವನ ಎರಡು ಕಾದಂಬರಿಗಳು ಸ್ಪ್ಯಾನಿಷಿನಲ್ಲಿದ್ದವು. ಯಾರ ದುಃಖವನ್ನು ಅವನು ಚಿತ್ರಿಸಿದನೋ ಅವರಲ್ಲಿ ಬಹುಮಂದಿಗೆ ಆ ಪುಸ್ತಕಗಳನ್ನು ಓದಲು ಬಾರದು. ಮೂರನೆಯ ಕಾದಂಬರಿಯನ್ನು ಅವನು ತಗಾಲೊಗ್‌ನಲ್ಲಿ ಆರಂಭಿಸಿದನು, ಅದು ಪೂರ್ಣವಾಗಲಿಲ್ಲ. 1896ರ ಡಿಸೆಂಬರ್ 30ರಂದು ಸ್ಪೇನಿನ ಅಧಿಕಾರಿಗಳು ಅವನನ್ನು ಗುಂಡಿಕ್ಕಿ ಕೊಲ್ಲಿಸಿದರು.

ಸರಿಯಾಗಿ 41 ವರ್ಷಗಳ ಬಳಿಕ, ಅದೇ ದಿನ, ತಗಾಲೊಗ್ ಆಧಾರದ ರಾಷ್ಟ್ರಭಾಷೆಯ ಘೋಷಣೆಯಾಯಿತು. 1987ರ ಸಂವಿಧಾನವು ರಾಷ್ಟ್ರಭಾಷೆಯನ್ನು ‘ಫಿಲಿಪಿನೊ’ ಎಂದು ಕರೆದಿದೆ. ಆದರೆ ನೂರಕ್ಕೂ ಹೆಚ್ಚು ಭಾಷೆಗಳಿರುವ ಆ ನಾಡಿನಲ್ಲಿ ಸೆಬುವಾನೊ ಮುಂತಾದ ನುಡಿಗಳವರು, ತಮ್ಮ ಮಾತಿಗೇಕೆ ಆ ಮನ್ನಣೆಯಿಲ್ಲವೆಂದು ಕೇಳದೆ ಬಿಡಲಿಲ್ಲ. ಉಕ್ರೇನಿಯನ್ 1989ರಲ್ಲಿ ಆಡಳಿತ ಭಾಷೆಯಾಯಿತು. 1991ರಲ್ಲಿ ನಾಡು ಸ್ವತಂತ್ರವಾಯಿತು. 2022ರಲ್ಲಿ ರಷ್ಯದ ಸೇನೆಯು ದೊಡ್ಡ ಪ್ರಮಾಣದಲ್ಲಿ ದಂಡೆತ್ತಿ ಬಂದ ಮೇಲೆ, ಅದುವರೆಗೆ ರಷ್ಯನ್ ಆಡುತ್ತಿದ್ದ ಹಲವರು ಉಕ್ರೇನಿಯನ್‌ಗೆ ತಿರುಗಿದರು.

ಆಜ್ಞೆಯು ಅಚ್ಚುಮೊಳೆಗಳನ್ನು ತಡೆಯಬಲ್ಲದು; ಮಗುವನ್ನು ತೂಗುವ ತಾಯಿಯ ಮಾತನ್ನು ತಡೆಯಲಾರದು. ಆದರೆ ಮನೆಯಲ್ಲಿ ಉಳಿದ ನುಡಿಗೆ ಓದುಬರಹದ ಬಲವೂ ಬೇಕು. ಬೂಟಿನಲ್ಲಿ ಅಡಗಿದ್ದ ಪುಸ್ತಕವೂ ಅರ್ಧಕ್ಕೆ ನಿಂತ ಕಾದಂಬರಿಯೂ ಹೇಳುವುದು ಇದನ್ನೇ.

ಅಭ್ಯಾಸ

1. ‘ಗುರೊ’ ಮತ್ತು ‘ಬ್ರಾತ್’ ಶಬ್ದಗಳಿಗೆ ಸಂಸ್ಕೃತದೊಡನೆ ಇರುವ ಸಂಬಂಧದಲ್ಲಿನ ವ್ಯತ್ಯಾಸವೇನು?
2. ‘ಸುಲತ್’ ಎಂಬ ಧಾತುವಿನ ರೂಪಗಳನ್ನು ವಿವರಿಸಿರಿ.
3. ಶೆವ್ಚೆಂಕೊ ಮತ್ತು ರಿಸಾಲ್ ಇವರ ಸಂಕಟಗಳನ್ನು ಹೋಲಿಸಿ ಬರೆಯಿರಿ.
4. ಪಾಠದಲ್ಲಿ ಬಂದಿರುವ ಐದು ತತ್ಸಮ ಶಬ್ದಗಳನ್ನು ಆರಿಸಿ, ಸ್ವಂತ ವಾಕ್ಯಗಳಲ್ಲಿ ಪ್ರಯೋಗಿಸಿರಿ.