ಅಂಗಡಿಗೆ ಸ್ಥಳಪರೀಕ್ಷೆ: ಬಂದ್ಯೋಡಿನ ನಿದರ್ಶನ

ವಾಣಿಜ್ಯಶಾಸ್ತ್ರದ ಪಾಠಗಳಲ್ಲಿ ಅಂಗಡಿಯ ಲೆಕ್ಕಪತ್ರಕ್ಕೆ ದೊರೆಯುವ ಸ್ಥಾನ ಅಂಗಡಿಯಿಡುವ ಸ್ಥಳಕ್ಕೆ ದೊರೆಯುವುದಿಲ್ಲ. ಲೆಕ್ಕ ತಪ್ಪಿದರೆ ತಿದ್ದಬಹುದು. ಮುಂಗಡ ಕೊಟ್ಟು ಹಿಡಿದ ಕೋಣೆಯನ್ನು ಎತ್ತಿ ಬೇರೆಡೆ ಇಡಲಾಗದು. ಕೊಲ್ಲಿ ನಾಡುಗಳಲ್ಲಿ ವರ್ಷಗಟ್ಟಲೆ ದುಡಿದು ಉಳಿಸಿದ ಹಣವನ್ನು ಊರಿಗೆ ಮರಳಿ ಇಂತಹ ಕೋಣೆಯೊಂದಕ್ಕೆ ಸುರಿಯುವವರು ನಮ್ಮ ಕಡೆ ಅನೇಕರಿದ್ದಾರೆ. ಆದುದರಿಂದ ಈ ವಿಷಯವನ್ನು ಬಂದ್ಯೋಡಿನ ನಿದರ್ಶನದಿಂದಲೇ ವಿಚಾರಿಸೋಣ.

ಪಟ್ಟಣದ ನಡುಪೇಟೆಯನ್ನು ಬಿಟ್ಟು ಹೊರವಲಯದಲ್ಲಿ, ರಸ್ತೆಗೆ ತೆರೆದುಕೊಂಡಂತೆ ಅಂಗಡಿಗಳ ಸಮೂಹವನ್ನು ಕಟ್ಟುವುದು ಹೊಸತಲ್ಲ. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ 1923ರಲ್ಲಿ ತೆರೆದ ಕಂಟ್ರಿ ಕ್ಲಬ್ ಪ್ಲಾಜಾ ಮೋಟಾರಿನಲ್ಲಿ ಬರುವ ಗಿರಾಕಿಗಳಿಗೆಂದೇ ಯೋಜಿತವಾದುದು. ನಮ್ಮ ಅಂಗಡಿಸಾಲುಗಳನ್ನು ಹೀಗೆ ಯಾರೂ ಯೋಜಿಸುವುದಿಲ್ಲ. ಉಪ್ಪಳ, ಕುಂಬಳೆಗಳ ನಡುವೆ, ಪೆರ್ಮುದೆ, ಧರ್ಮತ್ತಡ್ಕ ಕಡೆಯ ರಸ್ತೆ ಹೆದ್ದಾರಿಯನ್ನು ಸೇರುವ ಈ ಕವಲಿನಲ್ಲಿ ಬಸ್ಸು ಬದಲಿಸುವವರು ನಿಲ್ಲುತ್ತಾರೆ; ನಿಂತವರಿಗೆ ಚಹಾ ಬೇಕು, ಮನೆಗೆ ಸಕ್ಕರೆ ಬೇಕು, ಮಗುವಿಗೆ ಔಷಧಿ ಬೇಕು. ಪೇಟೆಯ ಬೇರು ಅಲ್ಲಿದೆ.

ಗಿರಾಕಿ ಯಾವ ಪೇಟೆಗೆ ಹೋಗುವನೆಂಬುದಕ್ಕೆ ವಿಲಿಯಂ ರೈಲಿ ಎಂಬ ಅಮೆರಿಕದ ವಿದ್ವಾಂಸರು 1931ರ ತಮ್ಮ ಗ್ರಂಥದಲ್ಲಿ ಒಂದು ನಿಯಮವನ್ನು ವಿವರಿಸಿದರು. ಪೇಟೆಯ ಸೆಳೆತ ಅದರ ಜನಸಂಖ್ಯೆಯೊಡನೆ ಹೆಚ್ಚುತ್ತದೆ, ದೂರದ ವರ್ಗದೊಡನೆ ಕುಗ್ಗುತ್ತದೆ. ಪರಸ್ಪರ 12 ಕಿಲೋಮೀಟರ್ ದೂರದ ಎರಡು ಪೇಟೆಗಳಲ್ಲಿ ಒಂದು ಇನ್ನೊಂದರ ನಾಲ್ಮಡಿ ದೊಡ್ಡದಾದರೆ, ದೊಡ್ಡದರ ಸೆಳೆತ 8 ಕಿಲೋಮೀಟರ್‌ವರೆಗೆ ಮೇಲಾಗಿರುತ್ತದೆ, ಚಿಕ್ಕದಕ್ಕೆ 4 ಉಳಿಯುತ್ತದೆ. ನಮ್ಮಲ್ಲಿ ಇದು ಅರ್ಧ ಸತ್ಯ ಮಾತ್ರ. ಆಸ್ಪತ್ರೆಗೆ, ಕಾಲೇಜಿಗೆ ಎಂದು ಮಂಗಳೂರಿಗೆ ಹೋದವರು ಸೀರೆಯನ್ನೂ ಅಲ್ಲಿಂದಲೇ ತರುತ್ತಾರೆ. ಬೆಲ್ಲವನ್ನು ಅಲ್ಲಿಂದ ಹೊತ್ತು ತರುವುದಿಲ್ಲ. ಜವಳಿ, ಚಿನ್ನಗಳನ್ನು ಜನರು ನಾಲ್ಕು ಅಂಗಡಿ ಹತ್ತಿಳಿದು ಕೊಳ್ಳುವರು. ಆದುದರಿಂದ ಬಂದ್ಯೋಡಿನಂತಹ ಸಣ್ಣ ಸಾಲಿಗೆ ದಿನಸಿ, ಔಷಧಿ, ಮನೆ ಕಟ್ಟುವ ಸಾಮಗ್ರಿಗಳೇ ತಕ್ಕವೆಂದು ನಮ್ಮ ಅಭಿಪ್ರಾಯ.

ಹೆದ್ದಾರಿಯ ಸಂಗತಿ ಬೇರೆ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಭಾಗ ಆರು ಪಥವಾದ ಮೇಲೆ, ಮುಂದೆ ಹರಿಯುವ ವಾಹನಗಳನ್ನು ಕಂಡು ಹಿಗ್ಗುವುದು ವ್ಯರ್ಥ. ವೇಗವಾಗಿ ಹೋಗುವವನು ಗಿರಾಕಿಯಲ್ಲ. ಎದುರು ಬದಿಯ ಮನೆಯವನು ಮೊದಲು ಹತ್ತು ಹೆಜ್ಜೆಯಲ್ಲಿ ಬರುತ್ತಿದ್ದರೆ, ಈಗ ಅಡಿದಾರಿಯನ್ನು ಹುಡುಕಿ ಸುತ್ತಬೇಕು. ಕೋಣೆ ನೋಡಲು ಹೋದವರು ಬಸ್ಸು ನಿಲ್ಲುವ ತಾಣದಿಂದಲೂ ಅಡಿದಾರಿಯಿಂದಲೂ ಅಂಗಡಿಯ ಬಾಗಿಲಿಗೆ ನಡೆದು ಹೆಜ್ಜೆಯೆಣಿಸಲಿ. ಕೈಯಲ್ಲಿ ಅಕ್ಕಿಯ ಚೀಲವಿದ್ದರೆ ಇನ್ನೂ ಒಳ್ಳೆಯದು.

ಮಳೆಯನ್ನೂ ಮರೆಯಬಾರದು. ಇಲ್ಲಿ ಹೆದ್ದಾರಿ ಉತ್ತರದಕ್ಷಿಣವಾಗಿ, ಕಡಲಿನಿಂದ ತುಸು ದೂರದಲ್ಲಿ ಸಾಗುತ್ತದೆ. ಪೂರ್ವದ ಬದಿಯ ಅಂಗಡಿಗಳು ಪಡುವಣಕ್ಕೆ ಮುಖ ಮಾಡಿರುವುದರಿಂದ ಆಷಾಢದ ಎರಚಲು ನೇರ ಒಳನುಗ್ಗುತ್ತದೆ, ಬೇಸಗೆಯ ಇಳಿಬಿಸಿಲು ಸಾಮಾನಿನ ಬಣ್ಣ ಕೆಡಿಸುತ್ತದೆ. ಅಗಲವಾದ ಜಗಲಿಯೂ ಮುಂಚಾಚಿದ ಮಾಡೂ ಇಲ್ಲದ ಕೋಣೆಗೆ ಬಾಡಿಗೆ ಕಡಿಮೆಯಿದ್ದರೂ ಅದು ಅಗ್ಗವಲ್ಲ.

ಇನ್ನು ಲೆಕ್ಕ. ಕಲ್ಪಿತ ಅಂಕಿಗಳನ್ನು ತೆಗೆದುಕೊಳ್ಳೋಣ. ತಿಂಗಳ ಬಾಡಿಗೆ 12,000 ರೂಪಾಯಿ. ಮುಂಗಡ 3 ಲಕ್ಷ, ಅದಕ್ಕೆ ವರ್ಷಕ್ಕೆ ಶೇಕಡಾ 8ರ ಬಡ್ಡಿಯಂತೆ ತಿಂಗಳಿಗೆ 2,000. ಒಬ್ಬ ಕೆಲಸದವನಿಗೆ 15,000. ವಿದ್ಯುತ್ತು ಮುಂತಾದುವಕ್ಕೆ 3,000. ಒಟ್ಟು 32,000. ದಿನಸಿಯಲ್ಲಿ ನೂರಕ್ಕೆ ಹತ್ತು ಉಳಿಯುವುದಾದರೆ 3,20,000 ರೂಪಾಯಿಯ ವ್ಯಾಪಾರವಾಗಬೇಕು. 26 ದಿನಗಳಿಗೆ ಹಂಚಿದರೆ ದಿನಕ್ಕೆ ಸುಮಾರು 12,300. ಒಬ್ಬೊಬ್ಬರು 200 ರೂಪಾಯಿಯಷ್ಟು ಕೊಂಡರೂ ದಿನಂಪ್ರತಿ 62 ಮಂದಿ ಒಳಬರಬೇಕು. ಇಷ್ಟಾದರೂ ಮಾಲೀಕನ ಮನೆಯ ಒಲೆಗೆ ಕಾಸಿಲ್ಲ!

ಆ ಅರುವತ್ತೆರಡು ಮಂದಿ ಇದ್ದಾರೆಯೆ? ನೆರೆಯಲ್ಲಿ ಕುಳಿತು ಎಣಿಸಬೇಕು. ಸೋಮವಾರ ಬೆಳಿಗ್ಗೆ, ಶುಕ್ರವಾರ ಜುಮಾ ಬಿಟ್ಟ ಮೇಲೆ, ಆದಿತ್ಯವಾರ ಸಂಜೆ. ದಾರಿಹೋಕರನ್ನಲ್ಲ, ಚೀಲ ತುಂಬಿಕೊಂಡು ಹೊರಬಂದವರನ್ನು. ರಂಜಾನ್, ವಿಷು, ದೀಪಾವಳಿಗಳ ವಾರದಲ್ಲಿ ಎಣಿಸಿದ ಲೆಕ್ಕ ಮೋಸಗೊಳಿಸುತ್ತದೆ. ಆಟಿ ತಿಂಗಳಲ್ಲಿ, ಕೂಲಿ ಕಡಿಮೆಯಾಗಿ ಕಡ ಹೆಚ್ಚಾಗುವ ದಿನಗಳಲ್ಲಿ, ಮತ್ತೊಮ್ಮೆ ಎಣಿಸಬೇಕು. ಆ ಸಂಖ್ಯೆಯೂ ಸಾಕೆನಿಸಿದರೆ ಕರಾರಿನ ಮಾತೆತ್ತಬಹುದು. ಬಸ್ಸಿನ ತಾಣ ಬದಲಾದರೆ ಮುಂಗಡ ಮರಳಿಸಿ ಬಿಡುಗಡೆ ಕೊಡತಕ್ಕದ್ದೆಂಬ ಷರತ್ತನ್ನು ಅದರಲ್ಲಿ ಬರೆಯಿಸಿಕೊಂಡೇ ರುಜು ಹಾಕಬೇಕು.