ಯಾವ ದಿಕ್ಕಿನಿಂದ ಕಿರಣ? ರೊಟ್ಟಿ ಉಳಿಸುವ ಲೆಕ್ಕ

ಗಜೇಂದ್ರಗಡದ ಕಾಲಕಾಲೇಶ್ವರ ಸರ್ಕಲ್ ನೋಡಿದವರಿಗೆ ಈ ಪಾಠ ಸಲೀಸು. ರೋಣ, ಕುಷ್ಟಗಿ, ನರೇಗಲ್ಲ ಕಡೆಯಿಂದ ಗಾಡಿಗಳು ಬರುತ್ತವೆ. ಒಂದೊಂದೇ ರಸ್ತೆಯಲ್ಲಿ ಅಷ್ಟೇನೂ ಗದ್ದಲ ಇರಲ್ಲ, ಎಲ್ಲ ಕೂಡುವಲ್ಲಿ ಮಾತ್ರ ಕಾಲಿಡೋಕೂ ಜಾಗ ಸಿಗಲ್ಲ.

ಕ್ಯಾನ್ಸರ್‌ನ ವಿಕಿರಣ ಚಿಕಿತ್ಸೆಯೂ ಹೀಗೇ. ಜನ ಇದನ್ನು ‘ಕರೆಂಟ್ ಕೊಡೋದು’ ಅಂತಾರೆ, ಆದರೆ ಅದು ಹೆಚ್ಚು ಶಕ್ತಿಯ ಎಕ್ಸ್-ರೇ. ಲಿನಾಕ್ ಯಂತ್ರದ ತಲೆ ರೋಗಿಯ ಸುತ್ತ ತಿರುಗುತ್ತದೆ. ಹಲವು ದಿಕ್ಕಿನಿಂದ ಸ್ವಲ್ಪ ಸ್ವಲ್ಪ ಕಿರಣ ಬಿಟ್ಟರೆ, ಎಲ್ಲವೂ ಕೂಡುವ ಗಡ್ಡೆಯ ಜಾಗದಲ್ಲಿ ಪೂರ್ತಿ ಡೋಸ್ ಬೀಳುತ್ತದೆ.

ತಂಬಾಕು, ಗುಟ್ಕಾದಿಂದ ಬರುವ ಬಾಯಿ ಕ್ಯಾನ್ಸರನ್ನೇ ತಗೊಳ್ಳೋಣ. ಆಪರೇಷನ್ ನಂತರ ಸಾಮಾನ್ಯವಾಗಿ ದಿನಕ್ಕೆ 2 ಗ್ರೇಯಂತೆ 30 ಸಲ, ಒಟ್ಟು 60 ಗ್ರೇ ಕೊಡುತ್ತಾರೆ. ಹಿಂದೆ ಬೆನ್ನುಹುರಿ ಇದೆ, ಅದಕ್ಕೆ ಸಾಮಾನ್ಯವಾಗಿ 45 ಗ್ರೇ ಮಿತಿ. ಕಿವಿಯ ಹತ್ತಿರ ಜೊಲ್ಲಿನ ಗ್ರಂಥಿ ಇದೆ, ಅದರ ಸರಾಸರಿಯನ್ನು ಸುಮಾರು 26 ಗ್ರೇ ಒಳಗಿಡಲು ನೋಡುತ್ತಾರೆ. ಗ್ರಂಥಿ ಕೆಟ್ಟರೆ ಬಾಯಿ ಒಣಗುತ್ತದೆ. ಗುಣವಾಗಿ ಮನೆಗೆ ಬಂದರೂ ಜೋಳದ ರೊಟ್ಟಿ ಗಂಟಲಿಗೆ ಇಳಿಯಲ್ಲ.

ಹಾಗಾದರೆ ಯಾವ ದಿಕ್ಕುಗಳು? ನಾವು ಲೆಕ್ಕ ಹಾಕಿ ನೋಡಿದೆವು. 5 ಡಿಗ್ರಿಗೊಂದರಂತೆ 72 ದಿಕ್ಕು. ಅದರಲ್ಲಿ 7 ಆರಿಸಲು 147,31,09,704 ದಾರಿ! ದಿಕ್ಕುಗಳು ಗೊತ್ತಿದ್ದರೆ, ಯಾವುದರಿಂದ ಎಷ್ಟು ಕಿರಣ ಅನ್ನೋದನ್ನು ಕಂಪ್ಯೂಟರ್ ಬೇಗ ಹೇಳುತ್ತದೆ. ಬೇಕಾದ ಡೋಸಿಗೂ ಬಿದ್ದ ಡೋಸಿಗೂ ಇರುವ ವ್ಯತ್ಯಾಸದ ವರ್ಗವನ್ನು ಪ್ರತಿ ಅಂಗದ ತೂಕದಿಂದ ಗುಣಿಸಿ, ಎಲ್ಲ ಕೂಡಿ, ಆ ಮೊತ್ತವನ್ನು ಕನಿಷ್ಠ ಮಾಡಿದರಾಯಿತು. ಆದರೆ ಒಂದು ಆಯ್ಕೆಗೆ ಒಂದೇ ಸೆಕೆಂಡ್ ಅಂದುಕೊಂಡರೂ ಎಲ್ಲ ಮುಗಿಯೋಕೆ ಸುಮಾರು 47 ವರ್ಷ ಬೇಕು. ರೋಗಿ ಕಾಯೋಕಾಗಲ್ಲ.

ಅದಕ್ಕೆ ಒಂದು ಉಪಾಯ: ಮೊತ್ತವನ್ನು ಅತಿ ಹೆಚ್ಚು ಇಳಿಸುವ ಒಂದು ದಿಕ್ಕನ್ನು ಮೊದಲು ಹಿಡಿ. ಅದನ್ನು ಇಟ್ಟುಕೊಂಡೇ ಎರಡನೆಯದನ್ನು ಹುಡುಕು. ಹೀಗೆ ಏಳರವರೆಗೆ. ಆಗ 72+71+…+66, ಅಂದರೆ ಬರೀ 483 ಲೆಕ್ಕ, ಸುಮಾರು 8 ನಿಮಿಷ. ಇದೇ ಅತ್ಯುತ್ತಮ ಅನ್ನೋ ಗ್ಯಾರಂಟಿ ಇಲ್ಲ. ಮೊದಲು ಹಿಡಿದ ದಿಕ್ಕು ಆಮೇಲೆ ಬೇಡವಾಗಬಹುದು. ಅದಕ್ಕೇ ಕೊನೆಗೆ ಒಂದೊಂದನ್ನೇ ತೆಗೆದು ಬೇರೆಯದನ್ನು ಹಾಕಿ ನೋಡಬೇಕು.

ಒಂದು ಮಾತು ಮರೆಯಬಾರದು. ಬೆನ್ನುಹುರಿಗೆ ಎಷ್ಟು ತೂಕ, ಜೊಲ್ಲಿನ ಗ್ರಂಥಿಗೆ ಎಷ್ಟು ಅನ್ನೋದನ್ನು ಕಂಪ್ಯೂಟರ್ ತಾನಾಗಿ ಕಂಡುಹಿಡಿಯಲ್ಲ. ಅದನ್ನು ವೈದ್ಯರು, ವೈದ್ಯಕೀಯ ಭೌತಶಾಸ್ತ್ರಜ್ಞರು ಕೂತು ತೀರ್ಮಾನಿಸಬೇಕು. ಗಜೇಂದ್ರಗಡದಿಂದ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ಆರು ವಾರ ಕಳೆಯುವವರ ರೊಟ್ಟಿ ಆ ಒಂದು ಅಂಕಿಯ ಮೇಲೆ ನಿಂತಿರಬಹುದು. ಮುಂದಿನ ಸಲ ಆಪ್ಟಿಮೈಸೇಶನ್ ಕ್ಲಾಸಿನಲ್ಲಿ ತೂಕಕ್ಕೆ ಸುಮ್ಮನೆ 1 ಅಂತ ಬರೆಯೋ ಮುಂಚೆ ನಾವು ಇದನ್ನು ನೆನೆಯೋಣ.